ಸೆರಗು ಮುಗಿಯುವ ತನಕ

ಸ್ವೀಡನ್ ದೇಶದಿಂದ,
೧೪ ನವೆಂಬರ್ ೧೯೯೮

ಬೆಟಗೇರಿಯ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಂತ ನನ್ನ ಮಗಳು ರೋಹಿಣಿಗೆ, ಏಳು ಸಮುದ್ರದ ಆಚೆಯಿಂದ ಅಪ್ಪನ ಆಶೀರ್ವಾದ.

ಮೊದಲು ಇಲ್ಲಿಯ ರಂಗಸಜ್ಜಿಕೆ ಕೇಳು. ಮಧ್ಯಾಹ್ನ ಮೂರೂವರೆಗೇ ಯಾರೋ ಕರಿ ಪರದೆ ಇಳಿಬಿಟ್ಟಂತೆ ಕತ್ತಲಾಗುತ್ತದೆ. ನಮ್ಮ ಹೊಸ ಜಿಲ್ಲೆಯಿಂದ ಬಂದ ಇಬ್ಬರೇ ನೇಕಾರರು ನಾವು: ನಾನು, ಮತ್ತು ಮುಂಡರಗಿಯ ಕಂಬಳಿ ನೇಯುವ ಹನಮಂತವ್ವ. ಜನರ ಮುಂದೆ ನೇಯ್ದು ತೋರಿಸುವುದು ನಮ್ಮ ಪಾತ್ರ.

ಈ ನೇಯ್ಗೆಶಾಲೆಯ ಒಡತಿ ಇಂಗ್ರಿಡ್ ಬಾಯಿ. ಮೊದಲ ದಿನ ನಾಲ್ಕೂವರೆಗೆ ಗಂಟೆ ಹೊಡೆಯಿತು. ಆಕೆ ಹೂವಿನ ಒಂದು ಎಸಳು ನೇಯ್ದು, ಇನ್ನೊಂದನ್ನು ಬಾಕಿ ಬಿಟ್ಟು, ಲಾಳಿಯನ್ನು ಎಳೆಗಳ ನಡುವೆಯೇ ಮಲಗಿಸಿ, ಕೋಟು ತೊಟ್ಟು ಹೊಸ್ತಿಲು ದಾಟಿದಳು. ಸೀರೆಯ ಸೆರಗು ನೇಯಲು ಹಿಡಿದ ಮೇಲೆ ಅದು ಮುಗಿಯುವ ತನಕ ನೇಕಾರ ಮನೆಯ ಹೊಸ್ತಿಲು ದಾಟಬಾರದು, ದಾಟಿದರೆ ಕೇಡು ಎಂದು ನಿನಗೆ ಹಾಲುಹಲ್ಲಿನಿಂದ ಹೇಳಿಕೊಟ್ಟವನು ನಾನು.

ನಿನ್ನೆ ಆಕೆ ಊಟಕ್ಕೆ ಕರೆದಳು. ಗಂಡ ಆಲೂಗಡ್ಡೆ ಬೇಯಿಸಿದ್ದ. ಹೆಂಡತಿ ನೇಯ್ಗೆಯ ಮಾತು ಎತ್ತಿದರೆ, ಈಗ ಸಾಕು ಎಂಬಂತೆ ಚಮಚದಿಂದ ಅವಳ ಕೈಮೇಲೆ ಮೆಲ್ಲಗೆ ಬಡಿಯುತ್ತಿದ್ದ. ನಿನ್ನವ್ವ ಅಮೃತವ್ವನ ಜೊತೆ ನಾನು ಒಂದೇ ಪಂಕ್ತಿಯಲ್ಲಿ ಉಂಡದ್ದು ಯಾವಾಗ ಎಂದು ನೆನೆದೆ. ಒಂದು ದಿನವೂ ನೆನಪಾಗಲಿಲ್ಲ. ಒಬ್ಬರು ಉಂಡರೆ ಒಬ್ಬರು ಮಗ್ಗದಲ್ಲಿ.

ನಮ್ಮ ಸೆರಗಿನ ನೇಮವನ್ನು ದುಭಾಷಿಯ ಕೈಲಿ ಆಕೆಗೆ ಹೇಳಿಸಿದೆ. ಎದ್ದರೆ ಏನಾಗುತ್ತದೆ ಎಂದು ಕೇಳಿದಳು. ನಾಟಕದಲ್ಲಿ ಮೈಕಿಲ್ಲದೆ ಬೆಟಗೇರಿಯ ಮೈದಾನ ತುಂಬುತ್ತಿದ್ದ ನನ್ನ ಭೀಮನ ದನಿ, ಮಗಳೇ, ಅಲ್ಲಿ ಏಳಲೇ ಇಲ್ಲ. ಎದ್ದರೆ ಏನಾಗುತ್ತದೋ ನಾನರಿಯೆ. ಏಳದಿದ್ದರೆ ಏನಾಗುತ್ತದೆ ಎಂಬುದನ್ನು ಬಲ್ಲೆ.

ಇವತ್ತು ನಮ್ಮ ಓಣಿಯ ಶೇಖಸಾಬನ ಅಂಗಡಿಗೆ ಫೋನ್ ಮಾಡಿದೆ. ನಿಮ್ಮ ಮಗ್ಗ ಖಡಖಡ ನಡದೈತ್ರಿ ಹನುಮಪ್ಪಾರ, ಮಗಳು ಆರಾಮ ಅದಾಳ ಎಂದ. ಆಮೇಲೆ ದನಿ ಇಳಿಸಿದ. ನಿನಗೆ ಬಸುರಿನ ಏಳನೇ ತಿಂಗಳಲ್ಲೇ ಕಾಲು ಬಾತಿವೆಯಂತೆ, ತಲಿ ಸಿಡಿತೈತಂತ, ಕಣ್ಣಮುಂದ ಮಿಂಚು ಹೊಡದಂಗ ಆಕ್ಕೈತಂತ. ದವಾಖಾನಿಗಿ ನಡಿ ಎಂದು ಪಕ್ಕದ ಮನೆಯ ಮುತ್ತವ್ವ ಅತ್ತಿ ನಿನ್ನ ಕೂಡ ಜಗಳ ತೆಗೆದಿದ್ದಾಳಂತೆ. ನನ್ನ ಮಗಳನ್ನು ಮಗ್ಗದಿಂದ ಎಬ್ಬಿಸಿ ಕಳಿಸು ಮಾರಾಯಾ ಎಂದೆ. ಓಡಿ ಹೋಗಿ ಬಂದವನು, ನಿಮ್ಮ ಮಗಳು ನಕ್ಕಳ್ರಿ, ಸೆರಗು ಮುಗಿಸಿ ಹೊಕ್ಕೀನಿ ಅಂತ ಅಪ್ಪಗ ಹೇಳ್ರಿ ಅಂದಳು ಎಂದ.

ಆ ಸೆರಗನ್ನು ಶುರು ಮಾಡಿ, ನನ್ನ ಬದಲಿಗೆ ನಿನ್ನನ್ನು ಕೂಡಿಸಿ ವಿಮಾನ ಹತ್ತಿದವನೂ ನಾನೇ. ಬಾಣಂತನಕ್ಕೆ ತವರಿಗೆ ಬಂದ ಮಗಳನ್ನು.

ಈಗ ಫೋನಿನಲ್ಲಿ ಓಣಿಯ ಮುಂದೆ ಹೇಳಲಾರದ್ದನ್ನು ಬರೆಯುತ್ತೇನೆ. ನೀನು ಹೇಳಿಕಳಿಸಿದ ಆ ಮಾತನ್ನು ನಾನು ಮೊದಲೂ ಕೇಳಿದ್ದೇನೆ, ಅದೇ ಕುಣಿಯಿಂದ. ನಿನಗಾಗ ಹನ್ನೆರಡು ವರ್ಷ. ಅವ್ವ ಜ್ವರ ಬಂದು ತೀರಿಹೋದಳು ಎಂದು ನಿನಗೆ ಹೇಳಿದೆ. ನಾಟಕದವನ ಮಾತು, ನೀನು ನಂಬಿದೆ. ಜ್ವರ ಇರಲಿಲ್ಲ. ಎರಡು ದಿನದಿಂದ ಎದಿ ಹಿಡಿತೈತ್ರಿ ಎನ್ನುತ್ತಿದ್ದಳು. ಸೆರಗು ಮುಗಿಸು, ಆಮ್ಯಾಲ ಹೋಗೂಣು ಎಂದವನು ನಾನು. ಮೂರನೇ ದಿನ ದವಾಖಾನಿಗಿ ಹೋಗೂಣೇನು ಎಂದು ನಾನು ಕೇಳಿದಾಗ ಅವಳೇ, ಸೆರಗು ಮುಗಿಸಿ ಹೊಕ್ಕೀನಿ ಎಂದಳು. ಅವಳ ಜೀವ ಹೋದದ್ದು ನನಗೆ ತಿಳಿದದ್ದು ಲಾಳಿಯ ಸಪ್ಪಳ ನಿಂತ ಮೇಲೆ.

ಹನಮಂತವ್ವನ ವಿಮಾನ ನಾಳೆ, ನನ್ನದು ಹತ್ತು ದಿನದ ಮೇಲೆ. ಮುಂಡರಗಿಗೆ ಹೋಗುವ ಮೊದಲೇ ಅವಳು ನಮ್ಮ ಬಾಗಿಲಿಗೆ ಬಂದು ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತಾಳೆ. ಅದಕ್ಕೆ ಮೂರು ದಿನ ಬೇಕು. ಆ ಮೂರು ದಿನವನ್ನು ನೆನೆದರೆ ಇಲ್ಲಿಯ ಕತ್ತಲೆ ಕೋಣೆಯೊಳಕ್ಕೆ ಬರುತ್ತದೆ.

ದನಿ ಉಡುಗಿದ ನಿನ್ನ ಅಪ್ಪ,
ಹನುಮಪ್ಪ

ತಾ.ಕ.: ಮದುವೆಯಲ್ಲಿ ನೀನು ಉಟ್ಟ ಹಸಿರು ಸೀರೆಯ ಸೆರಗಿನ ತುದಿ ನಾಲ್ಕು ಬೆರಳು ಯಾಕೆ ಒರಟು ಎಂದು ಕೇಳಿದ್ದೆ. ನೂಲು ಕೆಟ್ಟಿತ್ತು ಎಂದು ನಾನು ಹೇಳಿದ್ದೆ. ಅದು ನಿನ್ನವ್ವ ಕಡೆಯ ಸಲ ನೇಯುತ್ತಿದ್ದ ಸೀರೆ; ಆ ನಾಲ್ಕು ಬೆರಳು ನಾನು ನೇಯ್ದದ್ದು. ಕೇಡಿಗೆ ಹೆದರಿ, ನಿನ್ನವ್ವನನ್ನು ಪಡಸಾಲೆಯಲ್ಲಿ ಮಲಗಿಸಿ, ಸೆರಗು ಮುಗಿಸಿ, ಆಮೇಲೆಯೇ ಹೊಸ್ತಿಲು ದಾಟಿ ಓಣಿಯವರನ್ನು ಕರೆದೆ. ಮಗ್ಗದ ಬಲಕ್ಕಿರುವ ಗೂಡಿನಲ್ಲಿ ಕತ್ತರಿ ಇದೆ. ಹಾಸಿನ ಎಳೆ ಕತ್ತರಿಸು, ಎದ್ದು ಹೋಗು.