ನಾಲ್ಕನೇ ನಂಬರಿನ ಅಂಗಿ

ಇಂದೂರ
ಗುರುವಾರ, ೨೧ ಆಗಸ್ಟ್ ೨೦೨೫

ಕ್ಯಾಪ್ಟನ್ ಸಾಹೇಬರಿಗೆ,

ಪಂಚಮಿಗೆಂದು ತವರಿಗೆ ಬಂದು, ಉಂಡಿಯ ಡಬ್ಬಿ ಖಾಲಿಯಾದರೂ ತಿರುಗಿ ಹೋಗದ ನಿಮ್ಮ ಹೆಂಡತಿ ವಿದ್ಯಾವತಿಯ ನಮಸ್ಕಾರ. ನಾನು ಆರಾಮ ಇದ್ದೇನೆ. ನೀವೂ ಆರಾಮ ಎಂದು ಮಾತ್ರ ಬರೆಯಬೇಡಿ, ನಾನು ನಂಬುವುದಿಲ್ಲ.

ಫೋನಿರುವಾಗ ಪತ್ರ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನೀವು ಹೂಂ ಅನ್ನುತ್ತೀರಿ. ನಾನು ಬೈದರೂ ಹೂಂ, ಅತ್ತರೂ ಹೂಂ. ಟಿವಿಯಲ್ಲಿ ಯಾರಾದರೂ ಗೋಲು ಹೊಡೆದರೆ ಮಾತ್ರ ನಿಮ್ಮ ದನಿ ಏರುತ್ತದೆ. ಕಾಗದವಾದರೆ ಪೂರ್ತಿ ಓದಲೇಬೇಕು. ನಾಳೆ ಮುಂಜಾನೆ ಶೇಖಪ್ಪಣ್ಣ ಟ್ರ್ಯಾಕ್ಟರಿನ ಸಾಮಾನಿಗೆ ದಾಂಡೇಲಿಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಓದುವಾಗ ಟಿವಿ ಬಂದ್ ಮಾಡಿ.

ಇವತ್ತು ಬೆಳಿಗ್ಗೆ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಈ ಸೀಜನ್ನಿನ ಪಟ್ಟಿ ಬಂತು. ಗಂಡಸರೇ ತುಂಬಿದ ಆ ಗುಂಪಿಗೆ ನನ್ನನ್ನು ಸೇರಿಸಿದವರು ಕ್ಲಬ್ಬಿನ ಹಿರಿಯರಾದ ಅಂದಾನೆಪ್ಪನವರು. ‘ಈ ಹುಡುಗಿ ನಮ್ಮ ಕಮಿಟಿಯವರಿಗಿಂತ ಹೆಚ್ಚ ಮ್ಯಾಚ್ ನೋಡ್ಯಾಳ’ ಅಂದಿದ್ದರು. ಸುಳ್ಳೇನಲ್ಲ. ನಾವು ದಾಂಡೇಲಿಯಲ್ಲಿದ್ದಾಗ ಅಪ್ಪ ಪೇಪರ್ ಮಿಲ್ಲಿನ ಪಾಳಿ ಮುಗಿಸಿ ಬಂದವನೇ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಮೈದಾನಕ್ಕೆ ಒಯ್ಯುತ್ತಿದ್ದ. ನಿಮ್ಮನ್ನು ಒಪ್ಪಿಕೊಳ್ಳುವ ಎಷ್ಟೋ ವರ್ಷ ಮೊದಲೇ ನಾನು ನಿಮ್ಮ ಟೀಮನ್ನು ಒಪ್ಪಿಕೊಂಡಿದ್ದೆ. ಆದ್ದರಿಂದ ಯಾರೂ ಕೇಳದಿದ್ದರೂ ನನ್ನ ಅಭಿಪ್ರಾಯ ಹೇಳಿಯೇ ಹೇಳುತ್ತೇನೆ.

ಗೋಲಿನಲ್ಲಿ ಸಚಿನ. ಸರಿ, ಅವನಿಗಿಂತ ಚಲೋ ಕೈ ನಮ್ಮೂರಲ್ಲಿ ಇಲ್ಲ. ಆದರೆ ಕಾರ್ನರ್ ಬಂದಾಗ ಮುಂದೆ ಬರಲೋ ಬೇಡವೋ ಎಂದು, ಕನ್ಯೆ ನೋಡಲು ಹೋದ ವರನ ಹಾಗೆ ಹೊಸ್ತಿಲಲ್ಲೇ ನಾಚಿಕೊಂಡು ನಿಲ್ಲುತ್ತಾನೆ. ಹೋದ ವರ್ಷ ನಾವು ತಿಂದ ಗೋಲುಗಳಲ್ಲಿ ಅರ್ಧ ಹಾಗೆ ತಿಂದವು. ಅವನಿಗೆ ಯಾರಾದರೂ ಹಿಂದಿನಿಂದ ಕೂಗಬೇಕು. ನಾನು ಲೈನಿನ ಆಚೆಯಿಂದ ಕೂಗಿದರೆ ನಿಮಗೆ ಅವಮಾನ.

ಎಡಗಡೆ ಶಾಹಿದ. ದಿನವಿಡೀ ಗ್ಯಾರೇಜಿನಲ್ಲಿ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡುವವನಿಗೆ ಅಷ್ಟು ಓಟ ಎಲ್ಲಿಂದ ಬರುತ್ತದೋ. ಚೆಂಡು ಸಿಕ್ಕರೆ ಸಾಕು, ಎದುರಾಳಿಯ ಗೋಲಿನ ತನಕ ಹೋಗುತ್ತಾನೆ. ಹೋದವನು ಉಳವಿಯ ವಸ್ತಿ ಬಸ್ಸಿನ ಹಾಗೆ ಅಲ್ಲೇ ಉಳಿದುಬಿಡುತ್ತಾನೆ. ಅವನು ಬಿಟ್ಟುಹೋದ ಜಾಗವನ್ನು ಇಷ್ಟು ವರ್ಷ ತುಂಬಿದವರು ನೀವು. ಈ ವರ್ಷ ಯಾರು ತುಂಬುತ್ತಾರೆ ಎಂದು ಯಾರಾದರೂ ವಿಚಾರ ಮಾಡಿದ್ದೀರಾ?

ಮುಂದೆ ಜೋಯಿಡಾದ ಹೊಸ ಹುಡುಗ. ಕೊಂಕಣಿ ಬಿಟ್ಟು ಬೇರೆ ಮಾತಿಲ್ಲವಂತೆ, ಇರಲಿ, ಗೋಲು ಹೊಡೆಯಲು ಮಾತು ಯಾಕೆ ಬೇಕು. ವಿಡಿಯೋ ನೋಡಿದೆ. ಎಡಗಾಲು ಬಂಗಾರ, ಬಲಗಾಲು ಬರೀ ನಿಲ್ಲುವುದಕ್ಕೆ. ಇವನು ಇರುವಾಗ ಗೋವಾದಿಂದ ಗೆಸ್ಟ್ ಆಟಗಾರನನ್ನು ತರಿಸುವುದು ಬೇಡ. ಆ ಮಹಾಶಯರು ಬರುತ್ತಾರೆ, ಮೀನು ಚಲೋ ಇಲ್ಲ ಅನ್ನುತ್ತಾರೆ, ಸೆಮಿಫೈನಲ್ ದಿನ ಹೊಟ್ಟೆನೋವು ಎಂದು ಮಲಗುತ್ತಾರೆ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಮತ್ತೆ ಎದ್ದೆ, ಒಣಗದ ಬಟ್ಟೆಗಳನ್ನು ತಿರುವಿ ಹಾಕಿ ಬಂದೆ. ಸಿದ್ದಕ್ಕ ವೈನಿ ನೋಡಿ ನೋಡಿ ಸಾಕಾಗಿ, ‘ಒಂದ ಕಡೆ ಕೂಡ ಮಾರಾಯ್ತಿ, ನಿನ್ನ ನೋಡಿ ನಮ್ಮ ಎಮ್ಮೀನೂ ತಿರಗಾಕ ಹತ್ತೈತಿ’ ಅಂದಳು. ಪಟ್ಟಿಯ ನಡುವಿನ ಒಂದು ಸಾಲಿಗೆ ಬರಲು ನನ್ನ ಕೈ ಏಳುತ್ತಿಲ್ಲ, ಅದಕ್ಕೇ ಈ ತಿರುಗಾಟ.

ನಾಲ್ಕು. ಮಹಾಬಳೇಶ್ವರ, ಸ್ಟಾಪರ್, ಕ್ಯಾಪ್ಟನ್.

ಅದನ್ನು ಓದುವಾಗ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿನದು ಸೀದು ಮನೆಯೆಲ್ಲ ಹೊಗೆಯಾಯಿತು. ಕಣ್ಣಲ್ಲಿ ನೀರು ಯಾಕೆ ಎಂದು ವೈನಿ ಕೇಳಿದಾಗ ಹೊಗೆಯ ಮೇಲೆ ಹಾಕಿದೆ.

ಹೋದ ಜನವರಿಯ ಹಳಿಯಾಳದ ಫೈನಲ್ ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. ದ್ವಿತೀಯಾರ್ಧದಲ್ಲಿ ಶಾಹಿದನ ಜಾಗಕ್ಕೆ ಓಡಿದ ನೀವು ನಡುವೆಯೇ ನಿಂತಿರಿ. ಆಮೇಲೆ ಮೆಲ್ಲಗೆ ಕೂತಿರಿ. ಆಮೇಲೆ ಬೋರಲು ಬಿದ್ದಿರಿ. ಜನ ಟೈಮ್ ತಿನ್ನುವ ನಾಟಕ ಎಂದು ಸೀಟಿ ಹೊಡೆದರು. ನಾನು ಚಪ್ಪಲಿ ಬಿಟ್ಟು ಮೈದಾನದೊಳಗೆ ಓಡಿ ಬಂದಾಗ ನಿಮ್ಮ ತುಟಿ ನೀಲಿಯಾಗಿತ್ತು. ಹೃದಯದ ಸ್ನಾಯು ದಪ್ಪಗಾಗಿದೆ, ನಡೆಯಲಿ, ಆದರೆ ಇನ್ನು ಓಡುವಂತಿಲ್ಲ, ಓಡಿದರೆ ಯಾವ ಹೊತ್ತಿಗಾದರೂ ನಿಲ್ಲಬಹುದು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದಾಗ ನೀವು ಅಲ್ಲೂ ಹೂಂ ಅಂದಿರಿ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನು ಆ ಮ್ಯಾಚಿನ ಅಂಗಿಯನ್ನು ಒಗೆಯಲು ಬಕೆಟ್ಟಿಗೆ ಹಾಕಲು ಹೋದೆ. ನೀವು ಕೈಯಿಂದ ಕಸಿದುಕೊಂಡು ಟ್ರಂಕಿನ ತಳದಲ್ಲಿ ಇಟ್ಟಿರಿ. ಆಗಲೇ ನನಗೆ ಗೊತ್ತಾಯಿತು, ಈ ಮನುಷ್ಯ ಆಟ ಬಿಡುವವನಲ್ಲ ಎಂದು. ಆಮೇಲೆ ಜುಲೈಯಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಕೆಸರು ಮೆತ್ತಿದ ಬೂಟು ಸಿಕ್ಕಿತು. ಹುಡುಗರಿಗೆ ಕಲಿಸಲು ಹೋಗಿದ್ದೆ, ಬರೀ ನಿಂತಿದ್ದೆ ಅಂದಿರಿ. ನಿಂತು ಕಲಿಸುವವರಿಗೆ ಬೂಟು ಯಾಕೆ ಎಂದು ನಾನು ಕೇಳಿದೆ. ಉಳಿದದ್ದು ನಿಮಗೆ ಗೊತ್ತು. ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲದ ದಿನ ತಿರುಗಿ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ಊರವರಿಗೆ ಪಂಚಮಿ ಎಂದು ಹೇಳಿದೆವು. ಇನ್ನು ಗಣಪತಿ ಬರುತ್ತಾನೆ, ಆಗ ಏನು ಹೇಳುತ್ತೀರಿ?

ನಮಗೆ ಮಕ್ಕಳಿಲ್ಲ. ನಿಮಗೆ ನಾನು, ನನಗೆ ನೀವು, ನಮ್ಮಿಬ್ಬರಿಗೆ ಅತ್ತೆ. ಗೋಲಿನ ಮುಂದೆ ನಿಂತು ತಡೆಯಲು ಕ್ಲಬ್ಬಿಗೆ ಇನ್ನೊಬ್ಬ ಸ್ಟಾಪರ್ ಸಿಗುತ್ತಾನೆ, ನನಗೆ ಎಲ್ಲಿಂದ ಸಿಗಬೇಕು?

ಸಿಗುತ್ತಾನೆ ಎಂದರೆ, ಸಿಕ್ಕಿದ್ದಾನೆ. ಎದುರು ಮನೆಯ ಫರ್ದೀನ. ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಅವನ ಸಮ ಇಲ್ಲ, ಮೈಯಲ್ಲಿ ಉಸಿರಿದೆ, ಬೈದರೂ ಮೋರೆ ಉಬ್ಬಿಸುವುದಿಲ್ಲ. ಅಂಥವನ ಹೆಸರನ್ನು ಪಟ್ಟಿಯ ತೀರ ಕೊನೆಗೆ, ನಂಬರಿನ ಜಾಗದಲ್ಲಿ ಬರೀ ಒಂದು ಗೆರೆ ಎಳೆದು ಬರೆದಿದ್ದೀರಿ. ಬೆಳೆಯುವ ಹುಡುಗನನ್ನು ಕೂರಿಸಿ ತಾನು ನಿಲ್ಲುವ ಕ್ಯಾಪ್ಟನ್ನನ್ನು ನಾನು ಎಂದೂ ಮೆಚ್ಚಿಲ್ಲ. ಅವನು ನನ್ನ ಗಂಡನಾದರೂ ಅಷ್ಟೇ.

ಇಲ್ಲಿಗೆ ಮುಗಿಸಿ ಸಹಿ ಹಾಕಬೇಕು ಅನ್ನುವಷ್ಟರಲ್ಲಿ ಫೋನ್ ಬಂತು.

ಈಗ ಸಂಜೆಯಾಗಿದೆ. ಮಧ್ಯಾಹ್ನ ಫೋನ್ ಮಾಡಿದ್ದು ಫರ್ದೀನನ ತಾಯಿ ಖೈರುನ್ನಿಸಾ. ಮಗನಿಗೆ ಹೀಗಾಯಿತಲ್ಲ ಎಂದು ಜಗಳಕ್ಕೇ ಮಾಡಿದ್ದಾಳೆ ಅಂದುಕೊಂಡೆ. ಜಗಳಕ್ಕೇ ಮಾಡಿದ್ದಳು, ಆದರೆ ನಾನು ಅಂದುಕೊಂಡ ಜಗಳವಲ್ಲ. ‘ಭಾಬಿ, ನೀವು ಅಲ್ಲಿ ಉಂಡಿ ತಿಂತಾ ಕುಂತೀರಿ. ಇಲ್ಲಿ ಅಣ್ಣಾರು ಮಳಿಗಾಲ ಪೂರಾ ಛತ್ರಿ ಹಿಡಕೊಂಡು ನಿಂತು ನಮ್ಮ ಫರ್ದೀನಗ ಕಲಿಸ್ಯಾರ. ನಾಲ್ಕನೇ ನಂಬರ್ ನಿನಗ ಅಂತ ಎಲ್ಲಾರ ಮುಂದ ಹೇಳ್ಯಾರ. ಈಗ ನೋಡಿದ್ರ ಅವರ ಅಂಗೀನೇ ಇಲ್ಲ ರೀ!’ ಅಂದಳು.

ಅಣ್ಣಾರು ಓಡಲೇ ಇಲ್ಲವಾ ಎಂದು ನಾನು ಕೇಳಿದೆ. ಒಂದೇ ಸಲ ಓಡಿದರಂತೆ, ಅದೂ ಮೈದಾನದ ನಾಯಿ ಬೆನ್ನು ಹತ್ತಿದಾಗ. ಕೆಸರಿನಲ್ಲಿ ಚಪ್ಪಲಿ ಜಾರುತ್ತದೆ ಎಂದು ಬೂಟು ಹಾಕುತ್ತಿದ್ದರಂತೆ. ಇದನ್ನು ನೀವು ನನಗೆ ಹೇಳಬಹುದಿತ್ತು. ಹೇಳಿದಿರಿ, ನಾನು ಕೇಳಲಿಲ್ಲ, ಅದೂ ನಿಜ. ಆದರೆ ನಾಯಿಯ ಸುದ್ದಿ ಹೇಳಲಿಲ್ಲ. ಹೇಳಿದ್ದರೆ ನಕ್ಕಾದರೂ ನಂಬುತ್ತಿದ್ದೆ.

ಕ್ಲಬ್ಬಿನ ರಿವಾಜು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಖೈರುನ್ನಿಸಾ ಫೋನ್ ಇಟ್ಟ ಮೇಲೆ ನಾನು ಅದನ್ನು ನನಗೇ ಮೊದಲಿನಿಂದ ಹೇಳಿಕೊಳ್ಳಬೇಕಾಯಿತು. ಆಟ ಬಿಡುವವನು ತನ್ನ ಕೊನೆಯ ಮ್ಯಾಚಿನ ಅಂಗಿಯನ್ನು ಒಗೆಯದೆ ಇಟ್ಟುಕೊಳ್ಳಬೇಕು. ಕೊಡುವ ದಿನ ಬಂದಾಗ ತಾನೇ ತನ್ನ ಕೈಯಿಂದ ಒಗೆದು, ಮೈದಾನದಲ್ಲಿ ಎಲ್ಲರ ಮುಂದೆ ಮುಂದಿನವನ ಕೈಗೆ ಇಡಬೇಕು. ಅಲ್ಲಿಯವರೆಗೆ ನಂಬರು ಅವನದೇ, ಆಡಲಿ ಬಿಡಲಿ. ಹಿಂದೆ ಏಳನೇ ನಂಬರಿನವನು ಅಂಗಿ ಕೊಡದೆ ಗೋವಾಕ್ಕೆ ಕೆಲಸಕ್ಕೆ ಹೋದಾಗ, ಅವನು ತಿರುಗಿ ಬರುವ ತನಕ ಇಡೀ ವರ್ಷ ಟೀಮಿನಲ್ಲಿ ಏಳು ಎಂಬುದೇ ಇರಲಿಲ್ಲ. ಅಂದಾನೆಪ್ಪನವರ ಮುಂದೆ ಇದರಲ್ಲಿ ಯಾರ ಆಟವೂ ನಡೆಯುವುದಿಲ್ಲ. ನಾಲ್ಕರ ಎದುರು ನಿಮ್ಮ ಹೆಸರನ್ನು ಬರೆಸಿದವರೂ ಅವರೇ ಎಂದು ಈಗ ತಿಳಿಯಿತು.

ಫರ್ದೀನನಾದರೂ ಬೇರೆ ನಂಬರು ತೊಡಬಾರದೇ? ಒಲ್ಲೆ ಅನ್ನುತ್ತಾನಂತೆ. ‘ಕಾಕಾ ಕೊಟ್ರ ನಾಲ್ಕು, ಇಲ್ಲಂದ್ರ ನಾ ಕೂಡ್ತೇನಿ’ ಅಂದನಂತೆ. ಭಾನುವಾರ ಹಳಿಯಾಳದವರ ಜೊತೆ ಅಭ್ಯಾಸದ ಮ್ಯಾಚು. ಸ್ಟಾಪರ್ ಇಲ್ಲದೆ ಟೀಮು ಇಳಿಸುವುದು ಹೇಗೆ ಎಂದು ಯಾರೋ ಕೇಳಿದ್ದಕ್ಕೆ ನೀವು, ‘ಅಂಗಿ ಸಿಗಲಿಲ್ಲಂದ್ರ ನಾನೇ ನಿಲ್ತೇನಿ, ಒಂದ ಹಾಫ್ ತಾನ’ ಅಂದಿರಂತೆ. ಒಂದು ಹಾಫ್ ತಾನೇ! ಹಳಿಯಾಳದಲ್ಲಿ ನೀವು ಬಿದ್ದಾಗ ಹಾಫ್ ಶುರುವಾಗಿ ಎಷ್ಟು ಹೊತ್ತಾಗಿತ್ತು, ನೆನಪು ಮಾಡಿಕೊಳ್ಳಿ.

ಕೂಡಲೇ ಫೋನ್ ಮಾಡಿದೆ. ನೀವು ಪಾಳಿಯಲ್ಲಿದ್ದಿರಿ, ಅತ್ತೆ ಎತ್ತಿದರು. ಮಾತಿಗೆ ಮುಂಚೆ ಅಳಲು ಶುರು ಮಾಡಿದರು. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬಂದಾಗ ಒಂದು ಗಂಟು ಬಟ್ಟೆ ಹಾಕಿ ಸ್ಟೀಲಿನ ಬೋಗುಣಿ ತಗೊಂಡಿದ್ದರಂತೆ, ಅದರಲ್ಲೇ ಅಂಗಿಯೂ ಹೋಯಿತು ಅನ್ನುವುದು ಅವರ ಹೆದರಿಕೆ. ‘ಸುಡಗಾಡ ಬೋಗಣಿ, ಅದರಾಗ ಅನ್ನ ಬಸದ್ರ ಗಂಟಲದಾಗ ಇಳಿವಲ್ದವ್ವಾ’ ಅಂದರು. ಸುಶೀಲವ್ವನಂಥ ಗಟ್ಟಿ ಹೆಂಗಸು ಸೊಸೆಯ ಮುಂದೆ ಅತ್ತಿದ್ದನ್ನು ನಾನು ಇದೇ ಮೊದಲ ಸಲ ಕೇಳಿದ್ದು. ಸಿಗ್ನಲ್ ಇಲ್ಲ ಎಂದು ಹೇಳಿ ಫೋನ್ ಇಟ್ಟೆ.

ಈಗ ನಾನು ಹೇಳುವುದನ್ನು ಕೇಳಿ. ಅತ್ತೆಗೆ ಏನೂ ಅನ್ನಬೇಡಿ. ಬೋಗುಣಿ ಮೂಲೆಗೆ ಎಸೆಯಬೇಡಿ, ಅದರದೂ ತಪ್ಪಿಲ್ಲ. ಪಾತ್ರೆಯವಳನ್ನು ಹುಡುಕಿಕೊಂಡು ಹಳಿಯಾಳದ ಸಂತೆಗೆ ಹೋಗಬೇಡಿ. ಟ್ರಂಕು, ಅಟ್ಟ, ಗಾದಿಯ ಕೆಳಗೆ ಹುಡುಕುವುದನ್ನೂ ನಿಲ್ಲಿಸಿ, ಧೂಳಿಗೆ ನಿಮಗೆ ಕೆಮ್ಮು ಬರುತ್ತದೆ. ಭಾನುವಾರ ನಿಮ್ಮ ಕಾಲು ಆ ಬಿಳಿ ಗೆರೆಯನ್ನು ದಾಟಕೂಡದು. ಫರ್ದೀನ ಆಡುತ್ತಾನೆ. ಹೇಗೆ ಎಂದು ಕೇಳಬೇಡಿ.

ನಾನು ಶನಿವಾರ ಬರುತ್ತೇನೆ. ಹೆಸರು ಪಟ್ಟಿಯಲ್ಲಿ ಇದ್ದರೂ ಬರುತ್ತೇನೆ. ಶೇಖಪ್ಪಣ್ಣನ ಜೊತೆ ನಾಳೆಯೇ ಹೊರಡಬಹುದಿತ್ತು, ಆದರೆ ನನ್ನ ಮೋರೆ ನೋಡುವ ಮೊದಲು ನೀವು ಇದನ್ನು ಓದಿರಬೇಕು. ಎದುರಿಗೆ ನಿಂತರೆ ನಾನು ಮತ್ತೆ ಬೂಟಿನ ಜಗಳವನ್ನೇ ತೆಗೆಯುತ್ತೇನೆ, ನೀವು ಮತ್ತೆ ಹೂಂ ಅನ್ನುತ್ತೀರಿ.

ಗುಳಿಗೆ ತಪ್ಪಿಸಬೇಡಿ. ಸಚಿನನಿಗೆ ಹೇಳಿ, ಕಾರ್ನರ್ ಬಂದಾಗ ಹಿಂದಿನಿಂದ ಕೂಗುವವಳು ಬರುತ್ತಿದ್ದಾಳೆ ಎಂದು.

ನಿಮ್ಮನ್ನು ಮೈದಾನದ ಹೊರಗೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಮ್ಯಾಚು ನೋಡಬೇಕೆಂದಿರುವ,

ವಿದ್ಯಾವತಿ

ತಾ.ಕ.: ಅಂಗಿ ನನ್ನ ಹತ್ತಿರ ಇದೆ. ಪಂಚಮಿಗೆ ಹೊರಟ ದಿನ ಟ್ರಂಕಿನಿಂದ ತೆಗೆದು ನನ್ನ ಸೀರೆಗಳ ನಡುವೆ ಇಟ್ಟುಕೊಂಡು ಬಂದೆ. ಅದು ಇಲ್ಲದಿದ್ದರೆ ನೀವು ಆಡುವುದಿಲ್ಲ ಅಂದುಕೊಂಡೆ. ಅದು ಇಲ್ಲದಿದ್ದರೆ ನೀವು ಆಟ ಬಿಡಲೂ ಆಗುವುದಿಲ್ಲ ಎಂದು, ಸಣ್ಣವಳಿದ್ದಾಗಿನಿಂದ ಈ ಟೀಮು ನೋಡಿದವಳ ತಲೆಗೆ ಹೊಳೆಯಲೇ ಇಲ್ಲ. ಈಗಷ್ಟೇ ಅದನ್ನು ತೆಗೆದು ತೊಡೆಯ ಮೇಲೆ ಹಾಸಿಕೊಂಡು ಕೂತಿದ್ದೇನೆ. ಎದೆಯ ಮೇಲೆ ಹಳಿಯಾಳದ ಕೆಂಪು ಮಣ್ಣು ಹಾಗೇ ಇದೆ. ಆ ದಿನ ಬಕೆಟ್ಟಿನ ಬಾಯಿಂದ ಇದನ್ನು ಕಸಿದುಕೊಂಡಿರಲ್ಲ, ಆಟದ ಹುಚ್ಚು ಎಂದು ನಾನು ಇಷ್ಟು ತಿಂಗಳು ಬೈದೆ. ಒಗೆಯದೆ ಇಟ್ಟುಕೊಂಡಿರಿ ಎಂದರೆ ನೀವು ಆ ದಿನವೇ ಬಿಟ್ಟಿದ್ದಿರಿ. ಅತ್ತೆಗೆ ನೀವೇ ಹೇಳಿ, ನನಗೆ ಧೈರ್ಯ ಸಾಲದು. ಶನಿವಾರ ತರುತ್ತೇನೆ. ರಿವಾಜಿನಂತೆ ನೀವೇ ಒಗೆಯಿರಿ, ನೀರು ನಾನು ಹಾಕುತ್ತೇನೆ.