ದಳವಾಯಿಯ ಏಟನ್ನು ರದ್ದು ಮಾಡಿದವರಿಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಮಕ್ಕಳ ಶಾಲೆಯ ಸಂಗೀತ ವಿಭಾಗ ಬರುವ ತಿಂಗಳು ಆಡಲಿದ್ದ ಸಂಗೀತ ನಾಟಕದ ಮೂರನೇ ಅಂಕವನ್ನು ತಾವು ಕತ್ತರಿಸಿದ್ದೀರಿ. ದಳವಾಯಿಯೊಬ್ಬ ಅರಮನೆಯ ಗಾಯಕರನ್ನು ಕೋಲಿನಿಂದ ಬಡಿಯುವ ಆ ದೃಶ್ಯ 'ಹಿಂಸೆಯನ್ನು ವೈಭವೀಕರಿಸುತ್ತದೆ, ಎಳೆಯ ಮನಸ್ಸುಗಳ ಮೇಲೆ ದುಷ್ಪರಿಣಾಮ ಬೀರುತ್ತದೆ' ಎಂದು ತಮ್ಮ ಆದೇಶ ಹೇಳುತ್ತದೆ. ಅದನ್ನು ಕೈಬಿಡಲು ಒಪ್ಪುವವರೆಗೆ ತಾಲೀಮಿನ ಕೋಣೆಗೆ ಬೀಗ. ಹಿಂಸೆಯ ವಿಷಯದಲ್ಲಿ ತಮ್ಮ ಈ ನಾಜೂಕು ನನಗೆ ಸಂತೋಷ ಕೊಡಬೇಕಿತ್ತು. ಏಕೆಂದರೆ ದಳವಾಯಿಯ ಪಾತ್ರ ಮಾಡುತ್ತಿದ್ದವಳು ನನ್ನ ಮಗಳು. ಹೋದ ವರ್ಷ ಅದೇ ಶಾಲೆಯ ವೇದಿಕೆಯ ಮೇಲೆ, ನಿಜವಾದ ಕಬ್ಬಿಣದ ಏಟಿಗೆ ಎಡಗೈಯ ಮಣಿಕಟ್ಟು ಮುರಿಸಿಕೊಂಡವಳೂ ಅವಳೇ. ಆ ಏಟಿಗೆ ತಮ್ಮ ಕಚೇರಿ ಇಟ್ಟ ಹೆಸರು 'ಆಕಸ್ಮಿಕ'. ಬಟ್ಟೆ ಸುತ್ತಿದ ಕೋಲನ್ನು ಯಾರ ಮೈಗೂ ತಾಗದಂತೆ ಬೀಸಿದರೆ ಹಿಂಸೆ, ಕಬ್ಬಿಣದಿಂದ ಮೂಳೆ ಪುಡಿ ಮಾಡಿದರೆ ಆಕಸ್ಮಿಕ. ಇಂಥ ಜರಡಿ ತಮಗೆ ಯಾವ ಅಂಗಡಿಯಲ್ಲಿ ಸಿಕ್ಕಿತು?

ನಾನು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಜನ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದು ನನ್ನ ಉದ್ಯೋಗ, ಅದಕ್ಕೆ ಉಪ್ಪುಖಾರ ಹಚ್ಚುವುದಲ್ಲ. ಈ ಪತ್ರದಲ್ಲಿ ಎಲ್ಲಾದರೂ ದನಿ ಏರಿದ್ದರೆ ಅದು ಅಭ್ಯಾಸಬಲದಿಂದಲ್ಲ ಎಂದು ದಯವಿಟ್ಟು ತಿಳಿಯಿರಿ.

ಸಂಗೀತ ವಿಭಾಗವೆಂದರೆ ಸೈಕಲ್ ಶೆಡ್ಡಿನ ಹಿಂದಿನ ಒಂದು ಉದ್ದನೆಯ ಕೋಣೆ. ಪೆಡಲ್ ಸತ್ತ ಪಿಯಾನೊ, ಮೈತುಂಬ ತಗ್ಗು ಬಿದ್ದ ಕಹಳೆಗಳು, ಸ್ವರಲಿಪಿ ಇಡುವ ಕಬ್ಬಿಣದ ಸ್ಟ್ಯಾಂಡುಗಳು. ಬಹುಮಾನ ವಿತರಣೆ, ಹೊಸ ಕಟ್ಟಡದ ಉದ್ಘಾಟನೆ, ನಿವೃತ್ತರ ಬೀಳ್ಕೊಡುಗೆ, ಎಲ್ಲಕ್ಕೂ ಈ ಕೋಣೆಯ ಮಕ್ಕಳು ಬೇಕು. ಹಾಡು ಕೇಳಲಿಕ್ಕಲ್ಲ. ಮುಖ್ಯ ಅತಿಥಿಗಳ ಕಾರು ಬರುವ ತನಕ ಸಭಾಂಗಣ ಬಿಕೋ ಎನ್ನಬಾರದು, ಅಷ್ಟಕ್ಕೆ. ಅತಿಥಿಗಳು ಹೇಳಿದ ಹೊತ್ತಿಗೆ ಬಂದದ್ದು ನನಗಂತೂ ನೆನಪಿಲ್ಲ, ತಾವೂ ಸೇರಿದಂತೆ. ಹಾಗಾಗಿ ಉಪಪ್ರಾಂಶುಪಾಲರೇ ಒಂದು ನಿಯಮ ಮಾಡಿದರು: ಹಾಡಿನ ಸಾಲು ಮುಗಿದರೂ ಕೊನೆಯ ಸ್ವರ ಬಿಡಬಾರದು, ಸಂಗೀತದ ಮೇಷ್ಟ್ರು ಎತ್ತಿದ ಕೈಯ ಮುಷ್ಟಿ ಮುಚ್ಚುವವರೆಗೆ ಹಿಡಿದಿರಬೇಕು. ಒಮ್ಮೆ ಯಾರೋ ಇಬ್ಬರು ಮುಷ್ಟಿಗೆ ಮೊದಲೇ ಬಾಯಿ ಮುಚ್ಚಿದ್ದಕ್ಕೆ ಇಡೀ ತಂಡ ಬಿಸಿಲಿನಲ್ಲಿ ಮಂಡಿಯೂರಿತು. ಅಲ್ಲಿಂದ ಮಕ್ಕಳು ಪಕ್ಕಾ ಆದರು. "ನಾನು ಉಸಿರೆಳೆದುಕೊಳ್ಳೋವಾಗ ಪಕ್ಕದವಳು ಹಾಡ್ತಾಳೆ, ಅವಳು ಎಳೆದುಕೊಳ್ಳೋವಾಗ ನಾನು," ಎಂದು ಮಗಳು ನನಗೆ ವಿವರಿಸಿದ್ದಳು. "ಬಿಟ್ರೆ ಮುಂದಿನ ವರ್ಷದ ಫಂಕ್ಷನ್ ತನಕ ಎಳೀತೀವಿ ಅಮ್ಮಾ!"

ಹೋದ ವರ್ಷದ ಬಹುಮಾನ ವಿತರಣೆಯ ಸಂಜೆ ಅತಿಥಿಗಳು ಎಂದಿನಂತೆ ತಡವಾಗಿ ಬಂದರು. ಮಕ್ಕಳು ಆಗ ಕೊನೆಯ ಸ್ವರದ ಮೇಲಿದ್ದರು. ಅತಿಥಿಗಳು ಕುಳಿತು ಗಡಿಯಾರ ನೋಡಿಕೊಂಡದ್ದೇ ತಡ, ಉಪಪ್ರಾಂಶುಪಾಲರ ಸನ್ನೆಗೆ ಇಬ್ಬರು ನೌಕರರು ಮೇಷ್ಟ್ರನ್ನು ಹಿಂದಿನಿಂದ ಹಿಡಿದು ಪರದೆಯ ಮರೆಗೆ ಎಳೆದರು. ಹಿಡಿದದ್ದು ಎರಡೂ ತೋಳುಗಳನ್ನು. ಮುಷ್ಟಿ ತೋರಿಸಬೇಕಾದ ಕೈಯೇ ಮಾಯವಾಯಿತು. ಮಕ್ಕಳು ಕಲಿಸಿದ್ದನ್ನು ಮಾಡಿದರು, ಸ್ವರ ಬಿಡಲಿಲ್ಲ. ಸಭೆಯಲ್ಲಿ ಒಬ್ಬರು ನಕ್ಕರು, ಆಮೇಲೆ ಹತ್ತಾರು ಜನ ನಕ್ಕರು. ಅತಿಥಿಗಳ ಮುಖ ಕೆಂಪಾಯಿತು. "ಸಾಕು ನಿಲ್ಸ್ರೋ!" ಎಂದು ಕಿರುಚುತ್ತ ಉಪಪ್ರಾಂಶುಪಾಲರು ವೇದಿಕೆ ಹತ್ತಿ, ಎದುರಿಗಿದ್ದ ಸ್ಟ್ಯಾಂಡನ್ನು ಮಡಚಿ, ಮೊದಲನೆಯ ಏಟನ್ನು ಕಹಳೆಯ ಹುಡುಗನ ಬಾಯಿಗೆ ಕೊಟ್ಟರು. ಹಲ್ಲು ನೆಲಕ್ಕೆ ಬಿದ್ದ ಸದ್ದು ಮೈಕಿನಲ್ಲಿ ಕೇಳಿಸಿತು. ಎರಡನೆಯದು ಒಬ್ಬಳ ಕಿವಿಯ ಮೇಲೆ. ನನ್ನ ಮಗಳು ಮುಖಕ್ಕೆ ಅಡ್ಡವಾಗಿ ಎಡಗೈ ಎತ್ತಿದಳು. ಕೈ ಮಣಿಕಟ್ಟಿನಲ್ಲಿ ತಪ್ಪು ದಿಕ್ಕಿಗೆ ಬಾಗಿತು. ಅವಳ ಬಾಯಿ ಆಗಲೂ ತೆರೆದೇ ಇತ್ತು, ಅದರಿಂದ ಬರುತ್ತಿದ್ದುದು ಸ್ವರವೋ ಚೀತ್ಕಾರವೋ ನನಗೆ ತಿಳಿಯಲಿಲ್ಲ. ಒಂದೊಂದೇ ಕಂಠ ಕಳಚುತ್ತ ಸ್ವರ ಸಣ್ಣದಾಯಿತು. ಎಲ್ಲರೂ ಸೋಡಾಬುಡ್ಡಿ ಎಂದು ಕರೆಯುವ ದಪ್ಪ ಕನ್ನಡಕದ ಹುಡುಗಿಯೊಬ್ಬಳಿದ್ದಾಳೆ, ಕಣ್ಣು ಮುಚ್ಚಿಕೊಂಡು ಹಾಡುವವಳು. ಕೊನೆಗೆ ಉಳಿದದ್ದು ಅವಳ ದನಿ ಮಾತ್ರ. ನಾವು ತಂದೆತಾಯಿಗಳು ಕುರ್ಚಿಗಳನ್ನು ಉರುಳಿಸಿಕೊಂಡು ವೇದಿಕೆ ತಲುಪುವ ಮೊದಲೇ ಸ್ಟ್ಯಾಂಡು ಅವಳನ್ನೂ ತಲುಪಿತು.

ತಾವು ವಿಚಾರಣೆ ನಡೆಸಿದಿರಿ. ಉಪಪ್ರಾಂಶುಪಾಲರ ಕೋಣೆಯಲ್ಲಿ, ಉಪಪ್ರಾಂಶುಪಾಲರ ಸಮ್ಮುಖದಲ್ಲಿ, ಅವರೇ ತರಿಸಿದ ಬಿಸ್ಕತ್ತು ತಿನ್ನುತ್ತ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು "ಏನಾಯ್ತು ಮರಿ?" ಎಂದು ಕೇಳಿದಿರಿ. ನನ್ನ ಮಗಳು ಬಾಯಿ ಬಿಡಲಿಲ್ಲ. ವರದಿ ಬಂತು: 'ಸಂಗೀತ ಪರಿಕರವು ಆಯತಪ್ಪಿ ಬಿದ್ದು ಕೆಲವು ವಿದ್ಯಾರ್ಥಿಗಳಿಗೆ ಅಲ್ಪಸ್ವಲ್ಪ ಗಾಯಗಳಾಗಿರುತ್ತವೆ. ವಿದ್ಯಾರ್ಥಿಗಳು ಸೂಚನೆ ಪಾಲಿಸದಿದ್ದುದು ಕಂಡುಬಂದಿರುತ್ತದೆ.' ನಮ್ಮತ್ತೆ ಅದನ್ನು ಓದಿಸಿಕೊಂಡು ಕೇಳಿ, "ಒಬ್ಬೊಬ್ರನ್ನೇ ಹುಡುಕಿಕೊಂಡು ಹೋಗಿ ಬೀಳೋಕೆ ಆ ಕಬ್ಬಿಣಕ್ಕೇನು ಕಾಲು ಬಂದಿತ್ತೇನೇ?" ಎಂದರು. ನಾನು ತಮ್ಮ ಕಚೇರಿಗೆ ಬಂದು ಅದೇ ಪ್ರಶ್ನೆಯನ್ನು ಸಭ್ಯ ಭಾಷೆಯಲ್ಲಿ ಕೇಳಿದಾಗ ತಾವು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ನೋಡಿ ತಾಯಿ, ಗಾಯ ಮಾಯುತ್ತೆ. ಸಂಸ್ಥೆ ಹೆಸರು ಕೆಟ್ರೆ ಮಾಯಲ್ಲ." ಅವಳ ಮಣಿಕಟ್ಟು ಓರೆಯಾಗಿ ಕೂಡಿಕೊಂಡಿದೆ. ಅವಳು ನುಡಿಸುತ್ತಿದ್ದ ಪಿಟೀಲಿನ ಕುತ್ತಿಗೆ ಹಿಡಿಯಲು ಬೆರಳು ತಿರುಗುವುದಿಲ್ಲ. ಸಂಸ್ಥೆಯ ಹೆಸರು ಮಾತ್ರ ಗೇಟಿನ ಮೇಲೆ ಹೊಸ ಬಣ್ಣ ಬಳಿಸಿಕೊಂಡು ಫಳಫಳ ಹೊಳೆಯುತ್ತಿದೆ, ಅಭಿನಂದನೆಗಳು.

ವಿಚಾರಣೆಯಲ್ಲಿ ತುಟಿ ಬಿಚ್ಚದ ಮಕ್ಕಳು ಸೈಕಲ್ ಶೆಡ್ಡಿನ ಹಿಂದೆ ಕೂತು ನಾಟಕ ಬರೆದರು. ನಿದ್ದೆ ಬಾರದ ರಾಜ, ಅವನು ಮಲಗುವ ತನಕ ಹಾಡಬೇಕಾದ ಗಾಯಕರು, ಅವರನ್ನು ಬಡಿದು ಸುಮ್ಮನಾಗಿಸಲು ಹೊರಡುವ ದಳವಾಯಿ. ದಳವಾಯಿ ನಾನೇ ಎಂದು ಮಗಳು ಹಟ ಹಿಡಿದಳು. ಮನೆಯಲ್ಲಿ ಅವಳು ದಿಂಬನ್ನು ಗೋಡೆಗಾನಿಸಿ, ಉಪಪ್ರಾಂಶುಪಾಲರ ಹಾಗೆಯೇ ಭುಜ ತಗ್ಗಿಸಿ ಬಡಿಯುತ್ತಿದ್ದುದನ್ನು ಕಂಡೆ. ಮೇಷ್ಟ್ರನ್ನು ತರಾಟೆಗೆ ತೆಗೆದುಕೊಳ್ಳಲು ಹೋದೆ. ಅವರು "ಒಂದು ಸಲ ನೋಡಿ, ಆಮೇಲೆ ಬೈಯಿರಿ," ಎಂದು ನನ್ನನ್ನು ತಾಲೀಮಿನಲ್ಲಿ ಕೂರಿಸಿದರು.

ತಾವು ಓದಿದ್ದು ಬರೀ ಹಸ್ತಪ್ರತಿಯನ್ನು, ತಾಲೀಮು ನೋಡಿಲ್ಲ. ಅಲ್ಲಿ ಏಟು ಹೇಗೆ ಬೀಳುತ್ತದೆ ಗೊತ್ತೇ? "ಹೊಡೆಯೋರಲ್ಲ, ತಿನ್ನೋರು ಯಜಮಾನ್ರು," ಎಂಬುದು ಮೇಷ್ಟ್ರ ಕಟ್ಟಪ್ಪಣೆ. ಏಟು ತಿನ್ನುವವನು ತಲೆಯಾಡಿಸಿದ ಮೇಲೆಯೇ ಹೊಡೆಯುವವಳ ಕೈ ಏಳಬೇಕು. ಕೋಲು ಮೈಯಿಂದ ಗೇಣು ದೂರದಲ್ಲಿ ನಿಲ್ಲಬೇಕು, ಸದ್ದನ್ನು ನಗಾರಿಯವನು ಮಾಡುತ್ತಾನೆ. ಗಾಯಕನ ಪಾತ್ರ ಕಹಳೆಯ ಹುಡುಗನದು. "ನಿಧಾನಕ್ಕೆ ಕಣೇ ದಳವಾಯಿ, ಉದುರೋಕೆ ಇನ್ನು ಹಲ್ಲಿಲ್ಲ," ಎಂದು ಅವನು ಬೋಳುಬಾಯಿ ತೋರಿಸಿದ. ಅವಳು ಕೋಲು ಹಿಡಿದು ಕಾದಳು. ಅವನು ಬೇಕೆಂದೇ ತಲೆಯಾಡಿಸದೆ ಸತಾಯಿಸಿದ. "ಅಪ್ಪಣೆ ಕೊಡೋ ಪುಣ್ಯಾತ್ಮ, ಕೈ ನೋಯ್ತಿದೆ!" ಎಂದಳು ಇವಳು. ಕೋಣೆಯೆಲ್ಲ ನಗು. ನನಗೆ ನಗು ಬರಲಿಲ್ಲ. ಅವನು ತಲೆಯಾಡಿಸಿದ, ನಗಾರಿ ಗುಡುಗಿತು, ಅವಳು ಅವನನ್ನು ಬಡಿದು ಬಡಿದು ಕೆಡವಿದಳು, ಯಾರಿಗೂ ಏನೂ ಆಗಲಿಲ್ಲ. ಅಂದು ರಾತ್ರಿ ಅವಳು ಊಟದ ತಟ್ಟೆಯ ಮುಂದೆ, ಯಾರೂ ಕೇಳದೆ, ಆ ಸಂಜೆಯ ಬಗ್ಗೆ ಮೊದಲ ಸಲ ಮಾತಾಡಿದಳು. ತಮ್ಮ ಬಿಸ್ಕತ್ತಿಗೆ ಹೊರಡದ ಮಾತು ಅದು.

ತಮ್ಮ ಆದೇಶ ಬಂದು ಕೋಣೆಗೆ ಬೀಗ ಬಿದ್ದಿತು. ಅವಳು ಮತ್ತೆ ಮೂಗಿಯಾದಳು. ಹೋದ ಭಾನುವಾರ ಅವಳ ತಮ್ಮ, ಎಲ್ಲ ತಾಲೀಮುಗಳಿಗೂ ಬಾಲದ ಹಾಗೆ ಹೋಗುತ್ತಿದ್ದವನು, ನಡುಮನೆಯಲ್ಲಿ ಗಾಯಕರ ಹಾಡನ್ನು ಹಾಡುತ್ತಿದ್ದ. "ನಿಲ್ಸು," ಎಂದಳು. ಅಕ್ಕ ದಳವಾಯಿಯಾಟ ಆಡುತ್ತಿದ್ದಾಳೆಂದು ಅವನು ಕೊನೆಯ ಸ್ವರವನ್ನು ಇನ್ನೂ ಜೋರಾಗಿ ಎಳೆದ. ಬಾಗಿಲ ಮೂಲೆಯಲ್ಲಿದ್ದ ಛತ್ರಿ ಅವಳ ಕೈಗೆ ಬಂತು. ಅವನು ತಲೆಯಾಡಿಸಿರಲಿಲ್ಲ. ಛತ್ರಿಯ ಹಿಡಿ ಅವನ ಕಿವಿಯ ಹಿಂದೆ ಬಿತ್ತು, ಅವನು ಕುಸಿದ ಮೇಲೂ ಬಿತ್ತು, ನಾನು ಅವಳ ಸೊಂಟ ಹಿಡಿದು ಎಳೆಯುವಾಗಲೂ ಬೀಳುತ್ತಲೇ ಇತ್ತು. ಅವನ ಅಂಗಿಯ ಬೆನ್ನು ರಕ್ತದಲ್ಲಿ ತೊಯ್ದುಹೋಯಿತು. ಅವನ ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದಾಗ ಅವಳು ಬಚ್ಚಲಿನ ಚಿಲಕ ಹಾಕಿಕೊಂಡು ಒಳಗಿದ್ದಳು. ಒಳಗಿನಿಂದಲೇ ಕೇಳಿದಳು: "ಅಮ್ಮಾ, ನಾನು ಅವರ ಥರಾನೇ ಹೊಡೆದೆ ಅಲ್ವಾ?" ಬೇರೆಯವರ ಮಾತಿಗೆ ನನ್ನದನ್ನು ಸೇರಿಸಬಾರದೆಂಬ ವೃತ್ತಿಯವಳು ನಾನು. ಆದರೂ "ಇಲ್ಲ ಮಗಾ," ಎಂದೆ. ಅವಳು ನಂಬಲಿಲ್ಲ.

ಎಳೆಯ ಮನಸ್ಸುಗಳ ಮೇಲೆ ದುಷ್ಪರಿಣಾಮ ಎಂದಿರಲ್ಲ, ಇಗೋ, ಪರಿಣಾಮ. ಇದಕ್ಕೂ ಒಂದು ವರದಿ ಬರೆಯುತ್ತೀರಾ? ಛತ್ರಿ ಆಯತಪ್ಪಿ ಬಿದ್ದಿರುತ್ತದೆ ಎಂದು?

ನನ್ನ ಬೇಡಿಕೆ ದೊಡ್ಡದಲ್ಲ. ಆದೇಶ ಹಿಂಪಡೆಯಿರಿ. ಈ ವಾರವೇ ಕೋಣೆಯ ಬೀಗ ತೆಗೆಸಿ. ಮೂರನೇ ಅಂಕ ಒಂದು ಏಟೂ ಕಡಿಮೆಯಾಗದೆ ನಡೆಯಲಿ. ಏಟಿನ ಬದಲು ದಳವಾಯಿ ಕೊನೆಯಲ್ಲಿ ಗಾಯಕರಿಗೆ ಹೂಗುಚ್ಛ ಕೊಡಲಿ ಎಂಬ ತಮ್ಮ ಸಲಹೆಯನ್ನು ತಾವೇ ಇಟ್ಟುಕೊಳ್ಳಿ. ಸಭಾಂಗಣ ಕೊಡದಿದ್ದರೆ ತಮ್ಮ ಕಚೇರಿಯ ಎದುರಿನ ರಸ್ತೆ ಇದೆ, ನಾವು ತಂದೆತಾಯಿಗಳು ಪಿಯಾನೊವನ್ನು ಹೊತ್ತಾದರೂ ತರುತ್ತೇವೆ. ನನ್ನ ಮಗಳ ಕೈಯೊಳಗೆ ಇಳಿದಿರುವ ಏಟನ್ನು ಸಹಿ ಮತ್ತು ಮೊಹರಿನಿಂದ ಹೊರತೆಗೆಯಲು ತಮ್ಮಿಂದಾಗದು. ಅದು ಹೊರಗೆ ಬರಲೇಬೇಕು. ತಲೆಯಾಡಿಸಿ ಅಪ್ಪಣೆ ಕೊಡುವ ಗೆಳೆಯನ ಮುಂದೆ ಬರಬೇಕೋ, ನಿದ್ದೆಯಲ್ಲೂ ಅಕ್ಕನ ಹೆಜ್ಜೆಸದ್ದಿಗೆ ಬೆಚ್ಚುತ್ತಿರುವ ತಮ್ಮನ ಮೇಲೆ ಬರಬೇಕೋ, ಅಷ್ಟನ್ನು ಮಾತ್ರ ತಾವು ತೀರ್ಮಾನಿಸಬಹುದು. ತೀರ್ಮಾನಿಸಿ.

ಇಂತಿ,
ಏಟು ತಿಂದವಳ ತಾಯಿ, ಏಟು ತಿಂದವನ ತಾಯಿ,
ಈಗ ಹೊಡೆದವಳ ತಾಯಿಯೂ ಆದವಳು