ಹದಿನಾಲ್ಕು ಇಂಚು ಎಂದವರು ಯಾರು

ಟ್ಯಾಮರಾಕ್ ಬೇ
ಜನವರಿ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಆರ್ವಿಡ್,

ಸೊಂಟ ಹೇಗಿದೆ? ಊರುಗೋಲು ಹಿಡಿದು ವಾರ್ಡಿನ ಬಾಗಿಲು ದಾಟಿದೆಯಂತೆ, ನರ್ಸಮ್ಮ ಹೇಳಿದಳು. ಬಾಗಿಲಾಚೆ ಕಾಫಿ ಯಂತ್ರವಿದೆ ಎಂದು ಗೊತ್ತಿರುವುದರಿಂದ ನಂಬಿದೆ. ಪಾದ್ರಿಗಳು ನಾಳೆ ದುಲೂತ್‌ನ ನಿನ್ನ ಆಸ್ಪತ್ರೆಗೆ ಬರುತ್ತಿದ್ದಾರೆ. ಈ ಪತ್ರದ ಜೊತೆ ಲೆಫ್ಸೆ ರೊಟ್ಟಿಯ ಸುರುಳಿಯೂ ಬರುತ್ತದೆ. ಎರಡೂ ನಿನ್ನ ಕೈಗೇ ಸೇರಬೇಕು ಎಂದು ಅವರಿಗೆ ಹೇಳಿದ್ದೇನೆ, ರೊಟ್ಟಿಯ ಬಗ್ಗೆ ಎರಡು ಸಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಕಿವಿ ಕೇಳುವುದಿಲ್ಲವೆಂದು ಸ್ಪೀಕರ್ ಹಾಕುತ್ತೀಯ, ಪಕ್ಕದ ಮಂಚದಲ್ಲಿ ಮಲಗಿರುವವನು ನಮ್ಮಲ್ಲಿ ಕಾಫಿಗೆ ಬರುವ ಲೈಲನ ಷಡ್ಡಕ. ನಾನು ಇಲ್ಲಿ ಫೋನ್ ಇಡುವುದರೊಳಗೆ ವಿಷಯ ನಮ್ಮ ಅಂಗಡಿಗೇ ವಾಪಸು ಬಂದು ಕಾಫಿ ಕೇಳುತ್ತದೆ.

ಅಂಗಡಿ ನಡೆಯುತ್ತಿದೆ. ಸರೋವರದ ಮಂಜುಗಡ್ಡೆ ಕೊರೆದು ಮೀನು ಹಿಡಿಯುವ ಪಂದ್ಯ ಬರುವ ಶನಿವಾರ. ಗಾಳಕ್ಕೆ ಹಾಕುವ ಎರೆಮೀನನ್ನು ತೊಟ್ಟಿ ತುಂಬ ತರಿಸಿದ್ದೇನೆ. ಅವು ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ಸುತ್ತುತ್ತಲೇ ಇರುತ್ತವೆ. ಮೊದಲು ಚಂದ ಎನಿಸುತ್ತಿತ್ತು. ಈ ವಾರ ಅದನ್ನು ನೋಡಲಾರದೆ ತೊಟ್ಟಿಗೆ ಗೋಣಿ ಹೊದಿಸಿದ್ದೇನೆ, ಯಾಕೆಂದು ಹೇಳುತ್ತೇನೆ.

ನಮ್ಮ ಮೊಮ್ಮಗಳು ಟೆಸ್ ಶಾಲೆ ಬಿಟ್ಟ ಮೇಲೆ, ಅವಳಮ್ಮನ ಪಾಳಿ ಮುಗಿಯುವವರೆಗೆ, ಇಲ್ಲೇ ಗಲ್ಲಾದ ಪಕ್ಕ ಕುಳಿತಿರುತ್ತಾಳೆ. ಶಾಲೆಯಲ್ಲಿ ಮಿಸ್ ಗರ್ನಿ ಎಂಬ ಹೊಸ ಮೇಡಂ ಬಂದಿದ್ದಾರೆ. ಯಾವ ಸುದ್ದಿಯನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಮಕ್ಕಳಿಗೆ ಕಲಿಸುವುದೇ ಅವರ ಪಾಠ. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು, ಹೇಳಿದ್ದರಿಂದ ಅವರಿಗೇನು ಸಿಗುತ್ತದೆ: ಈ ಮೂರನ್ನು ಕೇಳದೆ ಏನನ್ನೂ ಒಪ್ಪಬಾರದಂತೆ. ಒಳ್ಳೆಯದೇ ಅಂದುಕೊಂಡೆ. ನಾನೂ ಸಾಲಕ್ಕೆ ಗಾಳದ ಕೋಲು ಕೇಳಿದವರನ್ನು ಇಷ್ಟು ವರ್ಷ ಅದನ್ನೇ ಕೇಳಿಕೊಂಡು ಬಂದವಳು. ಆದರೆ ಮಗುವಿಗೆ ಮೇಡಂ ಮನೆಪಾಠವನ್ನೂ ಕೊಟ್ಟರು. ಊರಲ್ಲಿ ಎಲ್ಲರೂ ನಂಬಿರುವ ಒಂದು ಮಾತಿನ ಬಾಲ ಹಿಡಿದು, ಅದು ಹುಟ್ಟಿದ ಜಾಗದವರೆಗೂ ಹೋಗಿ ಬರಬೇಕು. ನಿನ್ನ ಮೊಮ್ಮಗಳು ತಲೆಯೆತ್ತಿ ನಮ್ಮ ಬಾಗಿಲ ಮೇಲಿನ ಬೋರ್ಡು ನೋಡಿದಳು. ಅದೇ ನಿನ್ನ ಬೋರ್ಡು: ‘ಸರೋವರದ ಮಂಜುಗಡ್ಡೆ: ೧೪ ಇಂಚು. ಟ್ರಕ್ಕು ಹೋಗಬಹುದು.’

"ಅಜ್ಜೀ, ಈ ಹದಿನಾಲ್ಕು ಯಾರು ಹೇಳಿದ್ದು?" ಅಂದಳು. "ಲೈಲ್ ಹೇಳಿದ" ಅಂದೆ. ನಿಜವೇ. ನೀನು ಟ್ರಕ್ಕಿನ ಮೆಟ್ಟಿಲಿಂದ ಜಾರಿ ಆಸ್ಪತ್ರೆ ಸೇರಿದಾಗ ಸರೋವರ ಇನ್ನೂ ನೀರಾಗಿತ್ತು. ಹೆಪ್ಪುಗಟ್ಟಿದ ಮೇಲೆ ಬೋರ್ಡು ಖಾಲಿ ಬಿಟ್ಟರೆ ಗಿರಾಕಿ ಬಾಗಿಲಲ್ಲೇ ತಿರುಗುತ್ತಾನೆ. ಮಂಜಿನ ಮೇಲೆ ಕುಳಿತು ಮೀನು ಹಿಡಿಯುವವರಿಗೆ ಗುಡಿಸಲು ಬಾಡಿಗೆಗೆ ಕೊಡುವ ಲೈಲ್ ದಿನಾ ಬೆಳಗ್ಗೆ ಕಾಫಿಗೆ ಬರುತ್ತಾನಲ್ಲ, ಅವನಿಗಿಂತ ಹೆಚ್ಚು ಯಾರಿಗೆ ಗೊತ್ತಿರುತ್ತದೆ ಎಂದು ಅವನು ಹೇಳಿದ್ದನ್ನೇ ಬರೆಯುತ್ತ ಬಂದೆ.

ಟೆಸ್ ಲೈಲನ ಹತ್ತಿರ ಹೋದಳು. ಅವನು ನಕ್ಕು, "ಪುಟ್ಟೀ, ಕರ್ಟಿಸ್‌ನ ಪೆಟ್ರೋಲ್ ಬಂಕಲ್ಲಿ ಹಲಗೆ ಮೇಲೆ ಬರ್ದಿರುತ್ತಲ್ಲ, ಡೀಸೆಲ್ ಹಾಕಿಸ್ಕೊಳ್ವಾಗ ನೋಡ್ಕೋತೀನಿ" ಅಂದನಂತೆ. ಕರ್ಟಿಸ್‌ನನ್ನು ಕೇಳಿದರೆ, "ಬೆಳಗ್ಗೆ ರೇಡಿಯೋದಲ್ಲಿ ಹೇಳ್ತಾರಲ್ಲಮ್ಮ, ನಾನೇನು ಸರೋವರಕ್ಕೆ ಹೋಗಿ ಕೂತಿರ್ತೀನಾ?" ಮಗು ರೇಡಿಯೋದವರಿಗೆ ನಮ್ಮ ಅಂಗಡಿಯ ಫೋನಿನಿಂದಲೇ ಫೋನ್ ಮಾಡಿತು. ನಾನು ಗಾಳದ ಕೊಕ್ಕೆಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ಆ ಕಡೆಯ ಹುಡುಗ ಖುಷಿಯಾಗಿ ಹೇಳಿದ್ದು ನನಗೂ ಕೇಳಿಸಿತು: "ನಂಬಿಕಸ್ತ ಜಾಗದಿಂದಲೇ ತಗೋತೀವಿ. ಆರ್ವಿಡ್ ಅವರ ಬೋರ್ಡಿಂದ!"

ಟೆಸ್ ಫೋನ್ ಇಟ್ಟು ನನ್ನನ್ನು ನೋಡಿದಳು. ಬಯ್ಯಲಿಲ್ಲ, ನಗಲೂ ಇಲ್ಲ. "ಹಾಗಾದ್ರೆ ಯಾರೂ ಕೊರೆದು ಅಳೆದಿಲ್ವಾ ಅಜ್ಜಿ?" ಅಂದಳು, ಅಷ್ಟೆ. ಮೀನಿಗೆ ಕೊರೆಯುವವರು ದಡದ ಹತ್ತಿರವೇ ಕೊರೆಯುತ್ತಾರೆ, ನೀರು ಕಂಡರೆ ಸಾಕು, ಅಳೆಯುವುದಿಲ್ಲ. ಹದಿನಾಲ್ಕು ನನ್ನ ಬೋರ್ಡಿನಿಂದ ರೇಡಿಯೋಗೆ, ರೇಡಿಯೋದಿಂದ ಬಂಕಿಗೆ, ಬಂಕಿನಿಂದ ಲೈಲನಿಗೆ, ಲೈಲನಿಂದ ಮತ್ತೆ ನನ್ನ ಬೋರ್ಡಿಗೆ. ಸುತ್ತಿದಂತೆಲ್ಲ ಯಾರಾದರೊಬ್ಬರು, ‘ಚಳಿ ಜೋರಾಗಿದೆ, ಒಂದಿಂಚು ಬೆಳೆದಿರುತ್ತೆ’ ಎಂದು ಸೇರಿಸಿದ್ದಾರೆ. ಅಸಲೇ ಇಲ್ಲದ ದುಡ್ಡಿಗೆ ಬಡ್ಡಿ ಬೆಳೆದ ಹಾಗೆ. ಲೆಕ್ಕ ಬಲ್ಲವಳು ಎಂದು ಮೆರೆಯುವ ನಾನೇ ಅದನ್ನು ದಿನಾ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದ್ದೇನೆ.

ಗುರುವಾರ ಬೆಳಗ್ಗೆ ಶಾಲೆಗೆ ರಜೆಯಿತ್ತು, ನಾವಿಬ್ಬರೇ ಹೋದೆವು. ಮಂಜು ಕೊರೆಯುವ ಹಳೆಯ ಬೈರಿಗೆ ತುಕ್ಕು ಹಿಡಿದು ಗುಜರಿಗೆ ಹೋದ ಮೇಲೆ ಮೂರು ಕ್ರಿಸ್‌ಮಸ್ ಹಿಂದೆ ನಾನು ನಿನಗೆ ಕೊಡಿಸಿದ ಕೆಂಪು ಬೈರಿಗೆ ಇದೆಯಲ್ಲ, ಅದನ್ನೇ ಶೆಡ್ಡಿನಿಂದ ತೆಗೆದೆ. ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ನೀನು ಹೇಳಿಕೊಟ್ಟಂತೆ ಹೆಜ್ಜೆಹೆಜ್ಜೆಗೂ ಕಬ್ಬಿಣದ ಸಲಾಕೆಯಿಂದ ಕುಟ್ಟಿ ನೋಡುತ್ತ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಮಗುವನ್ನು ಹಿಂದೆ ದೂರದಲ್ಲಿ ನಿಲ್ಲಿಸಿ ನಡೆದೆ. ಪಂದ್ಯಕ್ಕೆ ಟ್ರಕ್ಕುಗಳೂ ಶಾಲೆಯ ಬಸ್ಸೂ ಸಾಲಾಗಿ ನಿಲ್ಲುವ ಜಾಗದಲ್ಲಿ ಕೊರೆದೆ. ತೋಳು ಬಿದ್ದುಹೋಗುತ್ತದೆ ಅಂದುಕೊಳ್ಳುವಷ್ಟರಲ್ಲಿ ಬೈರಿಗೆ ದಡಕ್ಕನೆ ಕೆಳಗಿಳಿದು ನೀರು ಚಿಮ್ಮಿತು. ಅಷ್ಟು ಬೇಗ ನೀರು ಬರಬಾರದಿತ್ತು. ಅಳತೆ ಕೋಲು ಇಳಿಸಿದರೆ ಆರು ಇಂಚು; ಟ್ರಕ್ಕಿಗೆ ಹನ್ನೆರಡಾದರೂ ಬೇಕು. ಅದರಲ್ಲೂ ಮೇಲಿನ ಅರ್ಧ ಹಿಮ ನೆನೆದು ಗಟ್ಟಿಯಾದ ಬಿಳಿ ಹೆಪ್ಪು; ಅದಕ್ಕೆ ತಿಳಿ ಮಂಜುಗಡ್ಡೆಯ ಅರ್ಧ ಬಲ ಅಷ್ಟೇ ಎಂದು ಹೇಳಿಕೊಟ್ಟವನು ನೀನೇ. ಇನ್ನೆರಡು ಕಡೆ ಕೊರೆದೆವು. ಒಂದು ಕಡೆ ಏಳು, ಹೊಳೆ ಬಂದು ಸೇರುವ ಕಡೆ ಐದೂ ಇಲ್ಲ. ಟೆಸ್ ತನ್ನ ಕೈಗವಸು ಕಚ್ಚಿಕೊಂಡು ಸಂಖ್ಯೆಗಳನ್ನು ಬರೆದುಕೊಂಡಳು.

ವಾಪಸು ಬಂದು ಬೋರ್ಡು ಒರೆಸಿ ಆರು ಎಂದು ಬರೆದೆ. ಯಾರು ಕೊರೆದರು, ಎಲ್ಲಿ, ಯಾವತ್ತು ಎಂದು ಕೆಳಗೆ ಟೆಸ್ ಸಣ್ಣ ಅಕ್ಷರದಲ್ಲಿ ಸೇರಿಸಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ, ಕೇಳುವವರ ಬಾಗಿಲೇ ಮುಚ್ಚಿಕೊಂಡಿತು.

ಲೈಲ್ ಬಂದ. ಈ ವರ್ಷ ಪಂದ್ಯದ ಸಮಿತಿಗೆ ಅವನೇ ಅಧ್ಯಕ್ಷ. ಬೋರ್ಡು ನೋಡಿ ಕಾಫಿಯನ್ನೂ ಕುಡಿಯಲಿಲ್ಲ. "ಇರ್ಮಾ, ರೇಡಿಯೋ ಹದಿನಾಲ್ಕು ಅನ್ನುತ್ತೆ, ಬಂಕು ಹದಿನಾಲ್ಕು ಅನ್ನುತ್ತೆ. ನೀನೊಬ್ಳೇ ಆರು ಅಂತೀಯ. ಎರಡು ದೊಡ್ದೋ ಒಂದು ದೊಡ್ದೋ?" ಅಂದ. ಆ ಎರಡೂ ನಾನೇ ಕಣೋ, ಎಂದೆ. ಬಿಡಿಸಿ ಹೇಳಿದೆ. ಟೆಸ್ ಕಾಗದದ ಮೇಲೆ ಸುತ್ತು ಬರೆದು ತೋರಿಸಿದಳು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಅರ್ಥವಾಗಲಿಲ್ಲವೆಂದಲ್ಲ. "ಒಬ್ಳು ಅಜ್ಜಿ, ಒಂದು ಮಗು, ಮೂರು ತೂತು. ಇದಕ್ಕೆ ಪಂದ್ಯ ನಿಲ್ಸಿದ್ರೆ ಊರು ನನ್ನನ್ನೇ ತೂತಿಗೆ ಹಾಕುತ್ತೆ. ಹೋದ ವರ್ಷ, ಅದರ ಹಿಂದಿನ ವರ್ಷ, ಇದೇ ವಾರ ಆರ್ವಿಡ್ ಹದಿನಾಲ್ಕು ಅಂತ ಬರ್ದಿದ್ದ. ಒಂದು ಸೈಕಲ್ಲೂ ಮುಳುಗ್ಲಿಲ್ಲ. ಆರ್ವಿಡ್ ಬಾಯಲ್ಲಿ ಬರ್ಲಿ, ಈಗ್ಲೇ ನಿಲ್ಸ್ತೀನಿ" ಎಂದು ಹೊರಟುಹೋದ. ನೀನೇ ಹೋಗಿ ಒಂದು ತೂತು ಕೊರೆ ಎಂದು ಕೂಗಿದೆ. ತಿರುಗಲಿಲ್ಲ. ಕೊರೆದರೆ ತಿಳಿದುಬಿಡುತ್ತದಲ್ಲ, ಆ ಭಯ ಅವನಿಗೂ ಇದೆ.

ರೇಡಿಯೋ ಹುಡುಗನಿಗೆ ಹೇಳಿದೆ. ಸಮಿತಿಯಿಂದ ಬಂದರೆ ಓದುತ್ತೇನೆ ಎಂದ. ಮಿಸ್ ಗರ್ನಿ ತಾವೇ ಬಂದು ತೂತುಗಳನ್ನು ನೋಡಿಕೊಂಡು ಹೋದರು. ಪಂದ್ಯಕ್ಕೆ ಮಕ್ಕಳನ್ನು ಕಳಿಸಬೇಡಿ ಎಂದು ಮನೆಮನೆಗೆ ಫೋನ್ ಮಾಡಿದರಂತೆ. ‘ನೀವು ಈ ಊರಿಗೆ ಬಂದು ಎಷ್ಟು ದಿನ ಆಯ್ತು ಮೇಡಂ?’ ಎಂಬ ಉತ್ತರವೇ ಎಲ್ಲ ಕಡೆ. ಬಸ್ಸು ಅವರ ಕೈಯಲ್ಲಿಲ್ಲ. ಟೆಸ್‌ಗೆ ಶಾಲೆಯಲ್ಲಿ ‘ಆರಿಂಚು’ ಎಂದು ಹೆಸರು ಬಿದ್ದಿದೆ. ನಾವು ಅವಳನ್ನು ಕಳಿಸುವುದಿಲ್ಲ. ಅವಳ ಬೆಂಚಿನ ಉಳಿದ ಮಕ್ಕಳೆಲ್ಲ ಹೋಗುತ್ತಾರೆ. ಅವಳು ರಾತ್ರಿ ಊಟ ಬಿಟ್ಟಿರುವುದು ಹೆಸರಿಟ್ಟರೆಂದಲ್ಲ, ಅದಕ್ಕೆ.

ಬೋರ್ಡು ನಮ್ಮದು, ನಂಬಿಕೆ ನಿನ್ನದು, ಸಂಖ್ಯೆ ಯಾರದ್ದೂ ಅಲ್ಲ. ಅಂಗಡಿಯ ಗಾಜಿನ ಹಿಂದೆ ನಿಂತು, ಶನಿವಾರಕ್ಕೆಂದು ಗುಡಿಸಲುಗಳನ್ನು ಎಳೆದುಕೊಂಡು ಸರೋವರದ ಕಡೆ ಹೋಗುವವರನ್ನು ನೋಡುತ್ತೇನೆ. ಕೈಬೀಸಿ ಹೋಗುತ್ತಾರೆ. ಕೈಬೀಸುತ್ತೇನೆ.

ಅಜ್ಜನೇ ರೇಡಿಯೋದಲ್ಲಿ ಆರು ಇಂಚು ಅಂತ ಹೇಳಿಬಿಡಲಿ, ಎಲ್ಲರೂ ನಂಬುತ್ತಾರೆ ಎಂದು ನಿನ್ನೆ ಟೆಸ್‌ಗೆ ಅಂದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅವಳು ಯೋಚಿಸಿ, "ಅಜ್ಜ ಆಸ್ಪತ್ರೇಲಿದ್ದಾನೆ. ಅವನಿಗೆ ಹೇಗೆ ಗೊತ್ತು? ಅದೂ ಸುತ್ತೇ ಆಯ್ತಲ್ಲ ಅಜ್ಜಿ" ಅಂದಳು. ಈ ಮೇಡಂಗೆ ಸಂಬಳ ಸಾಲದು.

ಮಾತ್ರೆ ಊಟದ ಮೇಲೆ ತೆಗೆದುಕೋ. ರೊಟ್ಟಿಯಲ್ಲಿ ಪಕ್ಕದ ಮಂಚದವನಿಗೂ ಒಂದು ಕೊಡು, ನನ್ನ ಜಗಳ ಅವನ ಹೊಟ್ಟೆಯ ಮೇಲಿಲ್ಲ. ದೇವರು ನಿನ್ನ ಸೊಂಟವನ್ನೂ ಈ ಊರಿನ ಮಕ್ಕಳನ್ನೂ ಕಾಯಲಿ.

ನಿನ್ನ,
ಇರ್ಮಾ

ಮರೆತಿದ್ದೆ ಎಂದು ಬರೆಯಹೊರಟೆ, ಮರೆತಿರಲಿಲ್ಲ. ಪಾದ್ರಿಗಳು ಹೊರಗೆ ಹಾರನ್ ಹೊಡೆಯುತ್ತಿದ್ದಾರೆ, ನಾಳೆಗೆ ಹಿಮ ಬೀಳುತ್ತದೆಂದು ಇವತ್ತೇ ಹೊರಟರಂತೆ. ಆ ಕೆಂಪು ಬೈರಿಗೆಯ ಅಲಗಿಗೆ ಕಾರ್ಖಾನೆಯವರು ತೊಡಿಸಿದ ಪ್ಲಾಸ್ಟಿಕ್ ಕವಚ ಹಾಗೇ ಇತ್ತು, ಅಂಟುಪಟ್ಟಿಯೂ ಹರಿದಿರಲಿಲ್ಲ. ಟೆಸ್ ನೋಡುವ ಮೊದಲು ಕಿತ್ತು ಜೇಬಿಗೆ ಹಾಕಿಕೊಂಡೆ, ಈಗಲೂ ಅಲ್ಲೇ ಇದೆ. ಮಂಡಿ ನೋವಿಗೆ ಮಂಜಿನ ಮೇಲೆ ಹೋಗಿ ಕೊರೆಯಲಾಗುತ್ತಿಲ್ಲ ಎಂದು ನನಗಾದರೂ ಹೇಳಬಾರದಿತ್ತೇ ಮಾರಾಯ? ಇರಲಿ, ಅದಕ್ಕೆ ಮನೆಗೆ ಬಂದಾಗ ಬಯ್ಯುತ್ತೇನೆ. ನಾಳೆ ಬೆಳಗ್ಗೆ ರೇಡಿಯೋಗೆ ಫೋನ್ ಮಾಡು. ಆರು ಇಂಚು ಅನ್ನಬೇಡ, ಆ ತೂತು ನೀನು ಕೊರೆದಿಲ್ಲ. ‘ಎರಡು ಚಳಿಗಾಲ ನಾನು ಕೊರೆಯದೆಯೇ ಹದಿನಾಲ್ಕು ಬರೆದೆ’ ಎಂದು ಮಾತ್ರ ಹೇಳು. ಅದೊಂದು ಮಾತಿಗೆ ಈ ಭೂಮಿಯ ಮೇಲೆ ನಿನ್ನಷ್ಟು ನಂಬಿಕಸ್ತ ಬೇರೆ ಯಾರೂ ಇಲ್ಲ. ಸ್ಪೀಕರ್ ಹಾಕಿಕೊಂಡೇ ಮಾತಾಡು.